ಆರು ಸಾವಿರದ ನೂರ ಎಪ್ಪತ್ತನಾಲ್ಕು

ಕೆಲವು ಸಂಖ್ಯೆಗಳು ಕುಲೀನವೆನಿಸಿಕೊಂಡಿವೆ. ನೂರೆಂಟನ್ನು ಜಪಮಾಲೆ ಬಲ್ಲದು. ಹದಿನೆಂಟನ್ನು ಮಹಾಭಾರತದ ಪರ್ವಗಳು ಬಲ್ಲವು. ನಾನು ಈಗ ಹೇಳಹೊರಟಿರುವ 6174ಕ್ಕೆ ಅಂಥ ಹಿರಿಮೆ ಇರಲಿಲ್ಲ. ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು 1949ರಲ್ಲಿ ಅದರ ಗುಣವೊಂದನ್ನು ಕಂಡುಹಿಡಿದರು.

ನಾಲ್ಕು ಅಂಕಿಗಳ ಯಾವುದಾದರೊಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ನಾಲ್ಕೂ ಅಂಕಿಗಳು ಒಂದೇ ಆಗಿರಬಾರದು, ಅಷ್ಟೆ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿ ಬರೆಯಿರಿ. ಬಳಿಕ ಚಿಕ್ಕದರಿಂದ ದೊಡ್ಡದಕ್ಕೆ ಏರಿಸಿ ಬರೆಯಿರಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಉಳಿದುದಕ್ಕೂ ಹೀಗೆಯೇ ಮಾಡಿ. ಉಳಿದದ್ದು ಮೂರೇ ಅಂಕಿಯದಾದರೆ ಮುಂದೊಂದು ಸೊನ್ನೆಯಿಡಿ. ಕಾಪ್ರೇಕರರು ಹುಟ್ಟಿದ ವರ್ಷ 1905. 9510ರಿಂದ 0159 ಕಳೆದರೆ 9351. ಅಲ್ಲಿಂದ ಮುಂದೆ 8172, 7443, 3996, 6264, 4176, ಕೊನೆಗೆ 6174. ಇನ್ನು 7641ರಿಂದ 1467 ಕಳೆದರೆ ಮತ್ತೆ 6174ೇ, ಆಚೆಗೆ ದಾರಿಯಿಲ್ಲ. ಎಲ್ಲಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬಂದು ಸೇರಬೇಕು. 1905ಕ್ಕೆ ಆ ಏಳೂ ಬೇಕಾದವು. ಅವರು ತೀರಿಕೊಂಡ ವರ್ಷವಾದ 1986ಕ್ಕೆ ಆರು ಸಾಕು.

ಇದು ಇಂದ್ರಜಾಲವಲ್ಲ. ಕಳೆದು ಬರುವ ಉತ್ತರವನ್ನು ನಿರ್ಧರಿಸುವುದು ಎರಡೇ ಅಂತರಗಳು: ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕ ಅಂಕಿಗೂ ಇರುವ ಅಂತರ, ನಡುವಣ ಎರಡು ಅಂಕಿಗಳ ಅಂತರ. ಮೊದಲನೆಯದನ್ನು 999ರಿಂದ, ಎರಡನೆಯದನ್ನು 90ರಿಂದ ಗುಣಿಸಿ ಕೂಡಿಸಿದರೆ ಉತ್ತರ ಸಿದ್ಧ. ಆದುದರಿಂದ ಸಾವಿರಾರು ಸಂಖ್ಯೆಗಳು ಮೊದಲ ಹೆಜ್ಜೆಯಲ್ಲಿಯೇ ಕೇವಲ 54 ಉತ್ತರಗಳಾಗಿ ಕುಗ್ಗುತ್ತವೆ. ಅಂಕಿಗಳ ಸ್ಥಾನಪಲ್ಲಟವನ್ನು ಲೆಕ್ಕಿಸದಿದ್ದರೆ ಉಳಿಯುವವು ಮೂವತ್ತೇ. ಒಂದು ಸಂಜೆ ಕುಳಿತರೆ ಆ ಮೂವತ್ತನ್ನೂ ಹಾಳೆಯೊಂದರ ಮೇಲೆ ಪರೀಕ್ಷಿಸಬಹುದು.

ಮೂರು ಅಂಕಿಗಳಿಗೂ ಇಂಥದೊಂದು ನೆಲೆಯಿದೆ, 495. ಐದು ಅಂಕಿಗಳಿಗೆ ಇಲ್ಲ. 53955 ಎಂಬುದು 59994 ಆಗುತ್ತದೆ, ಅದು ಮರಳಿ 53955 ಆಗುತ್ತದೆ, ಗಾಣದ ಎತ್ತಿನಂತೆ.

ಇದು ಗಣಿತವೇ, ಮಕ್ಕಳಾಟವೇ? ಸ್ನಾತಕೋತ್ತರ ಪದವಿಯಿಲ್ಲದ ಕಾಪ್ರೇಕರರನ್ನು ನಮ್ಮ ದೇಶದ ವಿದ್ವಾಂಸರಲ್ಲಿ ಹಲವರು ಬಹುಕಾಲ ಲಘುವಾಗಿಯೇ ಕಂಡರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ ವಿಜ್ಞಾನ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಅವರ ಹೆಸರು ಲೋಕಕ್ಕೆ ತಿಳಿಯಿತು. ಇಂಗ್ಲೆಂಡಿನ ಹಾರ್ಡಿಯವರಂತೂ 1940ರ ತಮ್ಮ ಪುಸ್ತಕದಲ್ಲಿ, 8712 ಎಂಬುದು ತನ್ನದೇ ತಿರುವುಮುರುವಾದ 2178ರ ನಾಲ್ಕರಷ್ಟು ಎಂಬಂಥ ಸಂಗತಿಗಳಲ್ಲಿ ಗಣಿತಜ್ಞನನ್ನು ಸೆಳೆಯುವಂಥದು ಏನೂ ಇಲ್ಲವೆಂದಿದ್ದರು. ಆಕ್ಷೇಪಣೆಯಲ್ಲಿ ಹುರುಳಿದೆ. ನಾವು ಹತ್ತರ ಮಾನದಲ್ಲಿ ಎಣಿಸದೆ ಎಂಟರ ಮಾನದಲ್ಲಿ ಎಣಿಸುತ್ತಿದ್ದರೆ 6174ರ ಈ ಮಹಿಮೆ ಇರುತ್ತಿರಲಿಲ್ಲ. ಶ್ಲೇಷೆಯೂ ಹಾಗೆಯೇ, ತನ್ನ ಭಾಷೆಯನ್ನು ಬಿಟ್ಟು ಬದುಕದು. ಆದರೂ ಶ್ಲೇಷೆಯನ್ನು ನಾವು ಅಲಂಕಾರಗಳ ಸಾಲಿನಿಂದ ಹೊರಗಿಟ್ಟಿಲ್ಲ. ಆಕಸ್ಮಿಕವೆಂದು ತೋರುವುದರ ಹಿಂದಿನ ಕಾರಣವನ್ನು ತೋರಿಸಿಕೊಡಬಹುದಾದರೆ ಅದು ಗಣಿತವೇ ಎಂದು ನನ್ನ ಮತ.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಕಾಪ್ರೇಕರರು 'ಹರ್ಷದ' ಎಂದು ಹೆಸರಿಟ್ಟರು. 6174ರ ಅಂಕಿಗಳನ್ನು ಕೂಡಿಸಿದರೆ ಹದಿನೆಂಟು. ಹದಿನೆಂಟರಿಂದ ಭಾಗಿಸಿದರೆ 343, ಅಂದರೆ ಏಳರ ಘನ. ಅಷ್ಟೇ ಅಲ್ಲ, ಹದಿನೆಂಟು, ಅದರ ವರ್ಗ, ಅದರ ಘನ, ಈ ಮೂರನ್ನೂ ಕೂಡಿಸಿದರೂ 6174 ಬರುತ್ತದೆ. ಈ ಕೊನೆಯ ಗುಣಕ್ಕೆ ನಮ್ಮ ಹತ್ತು ಬೆರಳುಗಳ ಹಂಗಿಲ್ಲ. ಯಾವ ಮಾನದಲ್ಲಿ ಬರೆದರೂ ಅದು ಉಳಿದೇ ಇರುತ್ತದೆ. ಹದಿನೆಂಟರ ಮಾನದಲ್ಲಿ ಬರೆದರಂತೂ 6174ರ ರೂಪ 1110.