ಹಲ್ಲೂ ಹೃದಯವೂ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ರಾಮನಗರವನ್ನು ದಾಟಿ ಚನ್ನಪಟ್ಟಣವನ್ನು ಸೇರುವುದಕ್ಕೆ ಮುನ್ನ, ಕೆಂಗಲ್ ಸಿಕ್ಕುತ್ತದೆ. ಇಲ್ಲಿಯ ಆಂಜನೇಯನ ಗುಡಿಯನ್ನು ಸುತ್ತಮುತ್ತಲಿನವರು ಅಯ್ಯನಗುಡಿಯೆಂದು ಕರೆಯುವರು. ಸಂಕ್ರಾಂತಿಯ ಸುಮಾರಿನಲ್ಲಿ ಇಲ್ಲಿ ನೆರೆಯುವ ದನಗಳ ಜಾತ್ರೆ ಹೆಸರಾದದ್ದು. ಎತ್ತು ಕೊಳ್ಳಲು ಬಂದ ರೈತನು ಕೊಂಬನ್ನು ಮೆಚ್ಚುವುದೂ ಬೆನ್ನು ತಟ್ಟುವುದೂ ಆಮೇಲಿನ ಮಾತು. ಮೊದಲು ಅದರ ತುಟಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂಬುದರ ಮೇಲೆ ಬೆಲೆ ಕುದುರುತ್ತದೆ. ಇಷ್ಟು ಜಾಗರೂಕನಾದ ಗೃಹಸ್ಥನ ಕೆನ್ನೆಯೊಳಗೆ ಎಷ್ಟೋ ವೇಳೆ ಎಲೆಯಡಿಕೆಯೊಡನೆ ಕಡ್ಡಿಪುಡಿಯೂ ಇರುತ್ತದೆ. ತನ್ನ ಬಾಯಲ್ಲಿ ಎಷ್ಟು ಹಲ್ಲು ಅಲ್ಲಾಡುತ್ತಿವೆ ಎಂಬುದನ್ನು ಮಾತ್ರ ಅವನು ನೋಡಿಕೊಂಡವನಲ್ಲ. ಪೇಟೆಯವರಾದ ನಾವು ಅವನಿಗಿಂತ ಮೇಲೆಂದು ಹೇಳಲು ನನಗೆ ಧೈರ್ಯವಿಲ್ಲ.

ಹಲ್ಲು ಕೆಟ್ಟರೆ ಹೃದಯವೂ ಕೆಡುವುದೆಂಬ ಮಾತು ಈಚೆಗೆ ಮನೆಮನೆಯಲ್ಲೂ ಕೇಳಿಬರುತ್ತಿದೆ. ಇದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಒಂದು ಖಚಿತವಾದದ್ದು, ಆದರೆ ಕೆಲವರಿಗೆ ಮಾತ್ರ ಸಂಬಂಧಪಟ್ಟದ್ದು. ಇನ್ನೊಂದು ಎಲ್ಲರಿಗೂ ಸಂಬಂಧಪಟ್ಟದ್ದು, ಆದರೆ ಇನ್ನೂ ಸಿದ್ಧವಾಗದ್ದು.

ಖಚಿತವಾದದ್ದನ್ನು ಮೊದಲು ನೋಡೋಣ. ನಮ್ಮ ಹೃದಯದಲ್ಲಿ ರಕ್ತವು ಹಿಂದಕ್ಕೆ ಹರಿಯದಂತೆ ತಡೆಯುವ ನಾಲ್ಕು ಕವಾಟಗಳುಂಟು. ಕೆಲವು ಮಕ್ಕಳಿಗೆ ಗಂಟಲು ಬೇನೆಯಾದ ಕೆಲವು ವಾರಗಳ ಮೇಲೆ ಕೀಲುಗಳು ಊದಿ ಜ್ವರ ಬರುತ್ತದೆ. ಕೀಲುನೋವು ವಾಸಿಯಾದರೂ ಆ ಜ್ವರವು ಕವಾಟಗಳಿಗೆ ಊನ ಮಾಡಿ ಹೋಗುವುದುಂಟು. ನಮ್ಮ ದೇಶದಲ್ಲಿ, ಅದರಲ್ಲೂ ಬಡವರ ಮನೆಗಳಲ್ಲಿ, ಈ ಬೇನೆ ಇನ್ನೂ ತೊಲಗಿಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವುಳ್ಳವರೂ, ಶಸ್ತ್ರಚಿಕಿತ್ಸೆಯಿಂದ ಕೃತಕ ಕವಾಟ ಹಾಕಿಸಿಕೊಂಡವರೂ ಉಂಟು. ಬಾಯಲ್ಲಿ ಸದಾ ವಾಸಿಸುವ ಸೂಕ್ಷ್ಮಜೀವಿಗಳು ಕೀತ ಒಸಡಿನಿಂದಲೋ ಹುಳುಕುಹಲ್ಲಿನ ಬುಡದಿಂದಲೋ ರಕ್ತಕ್ಕೆ ನುಸುಳುವುದು ಅಪರೂಪವಲ್ಲ. ಗಟ್ಟಿಯಾದ ಹೃದಯದಲ್ಲಿ ಅವು ನಿಲ್ಲದೆ ನಾಶವಾಗುತ್ತವೆ. ಊನವಾದ ಕವಾಟ ಸಿಕ್ಕಿದರೆ ಅಲ್ಲಿ ಅಂಟಿಕೊಂಡು ಬೆಳೆದು ಅದನ್ನು ತಿನ್ನತೊಡಗುತ್ತವೆ.

ವಿಲಿಯಂ ಆಸ್ಲರ್ ಎಂಬ ವೈದ್ಯರು 1885 ರಲ್ಲಿ ಲಂಡನ್ನಿನಲ್ಲಿ ಮಾಡಿದ ಉಪನ್ಯಾಸಗಳಲ್ಲಿ ಈ ರೋಗವನ್ನು ವಿವರಿಸಿದರು. 1935 ರಲ್ಲಿ ಓಕೆಲ್ ಮತ್ತು ಎಲಿಯಟ್ ಎಂಬವರು ಹಲ್ಲು ಕೀಳಿಸಿಕೊಂಡವರ ರಕ್ತವನ್ನು ಆಗಲೇ ತೆಗೆದು ಪರೀಕ್ಷಿಸಿ, ಬಾಯಿಯ ಕ್ರಿಮಿಗಳನ್ನು ಅದರಲ್ಲಿ ಕಂಡರು. ಒಸಡು ಕೆಟ್ಟವರಲ್ಲಿ ಅವು ಹೆಚ್ಚಾಗಿ ಕಂಡುವು. ಪೆನಿಸಿಲಿನ್ ಬರುವುದಕ್ಕೆ ಮುಂಚೆ ಈ ರೋಗ ತಗುಲಿದವರು ಬದುಕುವುದು ಬಹು ಅಪರೂಪವಾಗಿತ್ತು. ಈಗ ಕೆಲವು ವಾರಗಳ ಕಾಲ ರಕ್ತನಾಳಕ್ಕೆ ಔಷಧ ಕೊಟ್ಟು, ಬೇಕಾದರೆ ಕವಾಟವನ್ನು ಬದಲಾಯಿಸಿ, ಅನೇಕರನ್ನು ಉಳಿಸುತ್ತಾರೆ. ಆದರೂ ಇದು ಇಂದಿಗೂ ಪ್ರಾಣಾಂತಕವಾದ ಬೇನೆಯೇ.

ಗೃಹಿಣಿಯರು ಗಮನಿಸಬೇಕಾದದ್ದು ಇದರ ಕಳ್ಳ ನಡೆಯನ್ನು. ಎದೆನೋವಿನಿಂದ ಇದು ಆರಂಭವಾಗಬೇಕೆಂದಿಲ್ಲ. ವಾರಗಟ್ಟಲೆ ಬಿಡದ ಸಣ್ಣ ಜ್ವರ, ರಾತ್ರಿ ಬೆವರು, ಊಟ ಸೇರದಿರುವುದು, ಮೈ ಇಳಿಯುವುದು, ಇಷ್ಟೇ ಇರಬಹುದು. ಅಂಗಡಿಯಲ್ಲಿ ಕೇಳಿ ತಂದ ಮಾತ್ರೆಯನ್ನು ನುಂಗಿಸಿದರೆ ಜ್ವರ ನಾಲ್ಕು ದಿನ ಅಡಗುತ್ತದೆ, ಮತ್ತೆ ತಲೆಯೆತ್ತುತ್ತದೆ. ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಏಕೆಂದರೆ ಆ ಮಾತ್ರೆಯ ದೆಸೆಯಿಂದ ಮುಂದೆ ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿದಾಗ ಕ್ರಿಮಿ ಕಾಣದೆ ಹೋಗಬಹುದು. ಕವಾಟದ ದೋಷವುಳ್ಳವರಿಗೆ ಕಾರಣ ತಿಳಿಯದ ಜ್ವರ ಬಂದಲ್ಲಿ, ಮಾತ್ರೆಗೆ ಮುಂಚೆ ರಕ್ತಪರೀಕ್ಷೆಯಾಗತಕ್ಕದ್ದು.

ಹಾಗಾದರೆ ಹಲ್ಲು ಕೀಳಿಸುವ ಮುನ್ನ ಎಲ್ಲರೂ ಔಷಧ ತೆಗೆದುಕೊಳ್ಳಬೇಕೇ? ಬೇಡ. ಅಮೆರಿಕದ ಹೃದಯ ವೈದ್ಯರ ಸಂಘವು 2007 ರಲ್ಲಿ ತನ್ನ ಹಳೆಯ ಸಲಹೆಯನ್ನು ಬಹಳ ಮಟ್ಟಿಗೆ ಕುಗ್ಗಿಸಿತು. ಕೃತಕ ಕವಾಟವುಳ್ಳವರು, ಒಮ್ಮೆ ಈ ರೋಗ ಬಂದು ಉಳಿದವರು, ಕೆಲವು ಬಗೆಯ ಹುಟ್ಟುದೋಷದವರು ಮೊದಲಾದ ಕೆಲವರಿಗೆ ಮಾತ್ರ ಅದು ಅವಶ್ಯವೆಂದು ಹೇಳಿತು. ಉಳಿದ ಹೃದಯರೋಗಿಗಳು ತಮ್ಮ ವೈದ್ಯರ ಮಾತಿನಂತೆ ನಡೆಯಬೇಕು. ಸಂಘವು ಕೊಟ್ಟ ಕಾರಣ ಬಹಳ ಸ್ವಾರಸ್ಯವಾಗಿದೆ: ಹಲ್ಲು ಕೀಳಿಸುವುದು ಎಂದೋ ಒಮ್ಮೆ, ಅಗಿಯುವುದೂ ಉಜ್ಜುವುದೂ ದಿನವೂ. ಒಸಡು ಕೆಟ್ಟಿದ್ದರೆ ಕ್ರಿಮಿಗಳು ದಿನವೂ ರಕ್ತಕ್ಕೆ ಇಳಿಯುತ್ತಲೇ ಇರುತ್ತವೆ.

ಇನ್ನು ಎರಡನೆಯ ಸಂಗತಿ, ಹೃದಯಾಘಾತ. ಹೃದಯಾಘಾತವಾದವರ ಹಲ್ಲುಗಳು ಇತರರಿಗಿಂತ ಹೆಚ್ಚು ಕೆಟ್ಟಿದ್ದುವೆಂದು 1989 ರಲ್ಲಿ ಫಿನ್ಲೆಂಡಿನ ವೈದ್ಯರು ಪ್ರಕಟಿಸಿದರು. ಆಮೇಲೆ ಅನೇಕ ಶೋಧನೆಗಳು ಹೀಗೆಯೇ ನುಡಿದುವು. ಆದರೆ ಇವೆರಡು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು. ಬೀಡಿ ಸಿಗರೇಟು ಸೇದುವವನ ಒಸಡೂ ಕೆಡುತ್ತದೆ, ರಕ್ತನಾಳವೂ ಕೆಡುತ್ತದೆ. ಸಿಹಿಮೂತ್ರ ರೋಗದವರಿಗೂ ಹೀಗೆಯೇ. 2012 ರಲ್ಲಿ ಅದೇ ಅಮೆರಿಕದ ಸಂಘವು ಎಲ್ಲವನ್ನೂ ತೂಗಿನೋಡಿ, ಸಂಬಂಧ ಕಾಣುತ್ತದೆ, ಕಾರಣವೆಂಬುದು ಸಿದ್ಧವಾಗಿಲ್ಲ ಎಂದಿತು. ಈ ಎಚ್ಚರಿಕೆ ಅತಿಯೆಂದು ಕೆಲವರಿಗೆ ತೋರಬಹುದು, ನನಗೆ ಹಾಗೆ ತೋರದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದೇಹದ ಸಕಲ ರೋಗಗಳಿಗೂ ಹಲ್ಲೇ ಮೂಲವೆಂಬ ವಾದವು ಇಂಗ್ಲೆಂಡು ಅಮೆರಿಕಗಳಲ್ಲಿ ಹಬ್ಬಿ, ಅಸಂಖ್ಯಾತ ಜನರ ಗಟ್ಟಿಹಲ್ಲುಗಳನ್ನು ವೃಥಾ ಕೀಳಿಸಿತು. ರೋಗಗಳೇನೋ ಹಾಗೆಯೇ ಉಳಿದುವು.

ಮನೆಯಲ್ಲಿ ಮಾಡತಕ್ಕದ್ದು ಹೆಚ್ಚೇನಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ, ಬಿಡುವುದು ಮೇಲು. ಮೆತ್ತನೆಯ ಬ್ರಷ್ಷಿನಿಂದ ಬೆಳಿಗ್ಗೆಯೂ ರಾತ್ರಿ ಮಲಗುವ ಮುನ್ನವೂ ಉಜ್ಜಬೇಕು. ಒಸಡಿನಲ್ಲಿ ರಕ್ತ ಒಸರಿತೆಂದು ಉಜ್ಜುವುದನ್ನೇ ನಿಲ್ಲಿಸುವವರುಂಟು, ಇದು ತಪ್ಪು. ಕಡ್ಡಿಪುಡಿಯ ವಿಷಯದಲ್ಲಿ ರಾಜಿಯಿಲ್ಲ. ಅದು ಒಸಡನ್ನು ಕೆಡಿಸುವುದಲ್ಲದೆ ಬಾಯಿಯ ಏಡಿಗಂತಿಗೂ ದಾರಿ. ಬೆಂಗಳೂರಿನಲ್ಲಿ 1958 ರಲ್ಲಿ ಆರಂಭವಾದ ಸರ್ಕಾರಿ ದಂತವೈದ್ಯ ಕಾಲೇಜೂ, ಹೃದಯಕ್ಕೆ ಜಯದೇವ ಸಂಸ್ಥೆಯೂ ಇವೆ; ಕೆಂಗಲ್ಲಿನ ಕಡೆಯವರಿಗೆ ಒಂದು ಹಗಲಿನಲ್ಲಿ ಹೋಗಿಬರುವ ದೂರ.

ಹಲ್ಲುನೋವಲ್ಲದ ಹಲ್ಲುನೋವೂ ಒಂದುಂಟು. ದಿಣ್ಣೆ ಹತ್ತುವಾಗ, ಭಾರ ಹೊರುವಾಗ ಕೆಳದವಡೆ ನೋಯತೊಡಗಿ, ನಿಂತು ಸುಧಾರಿಸಿಕೊಂಡರೆ ಮಾಯವಾದರೆ, ಅದು ಹೃದಯದ ಕೂಗಾಗಿರಬಹುದು. ಲವಂಗದ ಎಣ್ಣೆ ಹಚ್ಚಿ ಕೂಡಬಾರದು. ಕುಳಿತರೂ ಬಿಡದೆ, ಬೆವರು ಉಬ್ಬಸಗಳು ಕೂಡಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಲ್ಲು ಕೀಳಿಸುವುದಕ್ಕಾಗಿ ತಾವೇ ಅದನ್ನು ನಿಲ್ಲಿಸಕೂಡದು. ಮಾತ್ರೆಯ ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ, ದಂತವೈದ್ಯರಿಗೆ ತೋರಿಸಿದ ಮೇಲೆಯೇ ಬಾಯಿ ತೆರೆಯಬೇಕು.