ಬಿಸಿಲಿನ ಮುನ್ಸೂಚನೆಯೂ ನಮ್ಮ ಆರೋಗ್ಯವೂ

ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಗರಿಷ್ಠ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸದ್ಭಕ್ತರೂ ಹೊಲದಲ್ಲಿ ಕಾಯಕನಿರತರಾದ ರೈತರೂ ಬೇಸಿಗೆಯ ಬಿಸಿಲನ್ನು ಎದುರಿಸಲೇಬೇಕು. ಆದುದರಿಂದ ಹವಾಮಾನ ಇಲಾಖೆಯ ಮುನ್ಸೂಚನೆಯ ಅರ್ಥವನ್ನು ನಾವು ತಿಳಿದಿರಬೇಕು.

ಅಲ್ಲಿ ಹೇಳುವ ಅಂಕಿಯು ನೆರಳಿನದು. ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗೆ ಉಷ್ಣಮಾಪಕವನ್ನಿಟ್ಟು ಅದನ್ನು ಅಳೆಯುತ್ತಾರೆ. ಬಯಲಿನಲ್ಲಿ ನಡೆಯುವವರ ಮೈಗೆ ತಾಗುವ ತಾಪ ಅದಕ್ಕಿಂತ ಹೆಚ್ಚು. ಬಯಲುಸೀಮೆಯಲ್ಲಿ ತಾಪಮಾನವು 40 ಡಿಗ್ರಿ ಮುಟ್ಟಿ, 30 ವರ್ಷಗಳ ಸರಾಸರಿಗಿಂತ 4.5 ಡಿಗ್ರಿ ಏರಿದರೆ, ಇಲ್ಲವೇ 45 ಡಿಗ್ರಿ ತಲುಪಿದರೆ ‘ಬಿಸಿಗಾಳಿ’ ಎನ್ನುತ್ತಾರೆ. ಅದಕ್ಕಿಂತ ಕಡಿಮೆಯ ತಾಪ ನಿರಪಾಯವೆಂದು ಇದರ ಅರ್ಥವಲ್ಲ.

ಬೆವರು ಆರುವುದರಿಂದ ದೇಹ ತಣಿಯುತ್ತದೆ. ನೀರಿನಂಶ ಕಡಿಮೆಯಾದರೆ ಬೆವರು ಕುಂದಿ ಒಳಗಿನ ಉಷ್ಣ ಏರುತ್ತದೆ. ಆದ್ದರಿಂದ ಮಧ್ಯಾಹ್ನ 12ರಿಂದ 3ರವರೆಗೆ ನೆರಳಿನಲ್ಲಿ ವಿಶ್ರಮಿಸಬೇಕು. ಬಾಯಾರುವ ಮೊದಲೇ ನೀರು, ಮಜ್ಜಿಗೆ ಸೇವಿಸಬೇಕು. ಮೈ ಸುಡುತ್ತ ಮಾತು ತೊದಲಿದರೆ ಅದು ಉಷ್ಣಾಘಾತದ ಲಕ್ಷಣ. ಅಂಥವರನ್ನು ನೆರಳಿಗೆ ಕರೆದೊಯ್ದು, ಮೈಯನ್ನು ನೀರಿನಿಂದ ತೋಯಿಸಿ, ಗಾಳಿ ಬೀಸುತ್ತ, ಕೂಡಲೇ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಮುನ್ಸೂಚನೆಯನ್ನು ನೋಡಿ ನಡಿಗೆಯ ವೇಳೆಯನ್ನು ಬದಲಿಸಿಕೊಳ್ಳುವುದು ಭಕ್ತಿಗೆ ಕುಂದಲ್ಲ.