ತೋತಾಪುರಿ ಸಿಪ್ಪೆಯಲ್ಲಿ ಡೀಸೆಲ್ ಎಷ್ಟಿದೆ?

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಂಡಿಗಳಿಗೆ ಬರುವ ತೋತಾಪುರಿ ಮಾವು ಬಹುಪಾಲು ಹೋಗುವುದು ಪಲ್ಪ್ ಫ್ಯಾಕ್ಟರಿಗೆ. ತಿರುಳು ತೆಗೆದ ಮೇಲೆ ಹಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಸಿಪ್ಪೆ, ವಾಟೆಯಾಗಿ ಉಳಿಯುತ್ತದೆ. ಒಂದೆರಡು ದಿನದಲ್ಲೇ ಹುಳಿತು ನೊಣ ಮುತ್ತುವ ಈ ರಾಶಿಯಿಂದ ಡೀಸೆಲ್ ತೆಗೆಯಬಹುದೆಂದರೆ ಯಾರ ಕಿವಿಯೂ ನೆಟ್ಟಗಾಗುತ್ತದೆ. ತೆಗೆಯಬಹುದು, ನಿಜ. ಆದರೆ ಇದನ್ನೇ ನೆಚ್ಚಿ ಇಂಧನದ ವ್ಯಾಪಾರಕ್ಕಿಳಿದರೆ ಕೈ ಸುಟ್ಟುಕೊಳ್ಳಬೇಕಾದೀತು. ಕಸ ಸಾಗಹಾಕುವ ಖರ್ಚಿನಲ್ಲಿ ಒಂದಿಷ್ಟು ವಾಪಸು ಪಡೆಯುವ ದಾರಿಯೆಂದುಕೊಂಡರೆ ಗಿಟ್ಟೀತು.

ಇಲ್ಲಿ ದುಡಿಯುವುದು ಯೀಸ್ಟ್. ರೊಡೊಟೊರುಲಾ, ಲಿಪೊಮೈಸಿಸ್‌ನಂಥ ಕೆಲವು ಯೀಸ್ಟ್‌ಗಳಿಗೆ ಸಕ್ಕರೆ ಧಾರಾಳವಾಗಿ ಸಿಗುತ್ತಾ ಸಾರಜನಕ ಮಾತ್ರ ಮುಗಿದುಹೋದರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ಸಾರಜನಕವಿಲ್ಲದೆ ಪ್ರೋಟೀನ್ ಇಲ್ಲ, ಪ್ರೋಟೀನ್ ಇಲ್ಲದೆ ಹೊಸ ಜೀವಕೋಶವಿಲ್ಲ. ಆದರೂ ಒಳಗೆ ಬರುತ್ತಲೇ ಇರುವ ಸಕ್ಕರೆಯನ್ನು ಅವು ಎಣ್ಣೆಯಾಗಿಸಿ ಕೂಡಿಡುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಹೊಳೆಯುವ ಹನಿಗಳು; ಚೆನ್ನಾಗಿ ಕೊಬ್ಬಿದ ತಳಿಗಳಲ್ಲಿ ಒಣತೂಕದ ಅರ್ಧಕ್ಕೂ ಮಿಕ್ಕಿ ಎಣ್ಣೆಯೇ ಇರುತ್ತದೆ. ಅದಕ್ಕೆ ಮೆಥನಾಲ್ ಸೇರಿಸಿ ಬಯೋಡೀಸೆಲ್ ಮಾಡುವುದು ಹೊಂಗೆ ಎಣ್ಣೆಗೆ ಮಾಡುವಂತೆಯೇ. ಯೀಸ್ಟಿನಿಂದ ಕೊಬ್ಬು ತೆಗೆಯುವ ವಿಚಾರ ಹೊಸದೇನಲ್ಲ, ಮೊದಲ ಮಹಾಯುದ್ಧದಲ್ಲಿ ಕೊಬ್ಬಿನ ಅಭಾವಕ್ಕೆ ಸಿಕ್ಕಿದ ಜರ್ಮನಿ ಇದನ್ನು ಪ್ರಯತ್ನಿಸಿತ್ತು. ಸಕ್ಕರೆ ಹೆಚ್ಚು, ಸಾರಜನಕ ಕಡಿಮೆ ಇರುವ ಮಾವಿನ ಸಿಪ್ಪೆ ಈ ಯೀಸ್ಟ್‌ಗಳಿಗೆ ಹೇಳಿ ಮಾಡಿಸಿದ ಮೇವು.

ಇನ್ನು ಲೆಕ್ಕ. ಒಂದು ಟನ್ ಹಸಿ ಸಿಪ್ಪೆಯಲ್ಲಿ ಮುಕ್ಕಾಲು ಪಾಲು ನೀರು. ಒಣಗಿದರೆ 250 ಕೆ.ಜಿ. ಅದರ ಅರ್ಧ ಸಕ್ಕರೆಯಾಗಿ ಒಡೆಯುತ್ತದೆಂದು ಉದಾರವಾಗಿಯೇ ಹಿಡಿಯೋಣ. 100 ಕೆ.ಜಿ. ಸಕ್ಕರೆಯಿಂದ ಸಿದ್ಧಾಂತದ ಪ್ರಕಾರ ಸಿಗಬಹುದಾದ ಗರಿಷ್ಠ ಎಣ್ಣೆ 32-33 ಕೆ.ಜಿ.; ಕೈಗೆ ದಕ್ಕುವುದು 15-20. ಅಂದರೆ ಟನ್ ಸಿಪ್ಪೆಗೆ ಇಪ್ಪತ್ತು ಕೆ.ಜಿ. ಆಸುಪಾಸು. ಇಷ್ಟಕ್ಕಾಗಿ ಸಿಪ್ಪೆಯನ್ನು ಸಕ್ಕರೆಯಾಗಿ ಒಡೆಯುವ ಕಿಣ್ವ ಕೊಳ್ಳಬೇಕು, ದಿನಗಟ್ಟಲೆ ಗಾಳಿ ಊದಿ ಕದಡಲು ಕರೆಂಟು ಸುರಿಯಬೇಕು, ಕೊನೆಗೆ ಯೀಸ್ಟಿನ ಗಟ್ಟಿ ಗೋಡೆ ಒಡೆಯಬೇಕು. ಸಾಲದ್ದಕ್ಕೆ ಸುಗ್ಗಿ ಎರಡು-ಮೂರು ತಿಂಗಳಷ್ಟೇ. ಸಿಪ್ಪೆ ಒಣಗಿಸಿಡದಿದ್ದರೆ ಯೀಸ್ಟಿನ ಟ್ಯಾಂಕುಗಳು ವರ್ಷದ ಉಳಿದ ದಿನವೆಲ್ಲ ಬಣಗುಡುತ್ತವೆ.

ಹಾಗಾದರೆ ಗೋಬರ್ ಗ್ಯಾಸೇ ವಾಸಿಯಲ್ಲವೇ, ದನಕ್ಕೆ ಹಾಕಿದರೆ ಆಗದೇ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಬೆಲೆ ಬಿದ್ದಾಗ ಕೋಲಾರದಲ್ಲಿ ರಸ್ತೆಗೆ ಸುರಿಯುವ ಟೊಮೇಟೊದಲ್ಲಿ ಸಕ್ಕರೆ ಬಲು ಕಡಿಮೆ. ಅದಕ್ಕೆ ಅನಿಲವೇ ಸರಿ. ಮಾವಿನ ಕತೆ ಬೇರೆ. ಸಿಪ್ಪೆಯಲ್ಲಿ ಜಾಮ್ ಗಟ್ಟಿಗೊಳಿಸುವ ಪೆಕ್ಟಿನ್ ಇದೆ. ವಾಟೆಯೊಳಗಿನ ಬೀಜದ ಕೊಬ್ಬನ್ನು ಚಾಕೊಲೇಟಿನಲ್ಲಿ ಬಳಸಲು ಯುರೋಪ್ ಒಕ್ಕೂಟ 2000ದಲ್ಲೇ ಅನುಮತಿ ಕೊಟ್ಟಿದೆ. ದುಬಾರಿ ಮಾಲನ್ನು ಮೊದಲು ತೆಗೆದು, ಉಳಿದ ಸಿಹಿ ದ್ರವವನ್ನು ಯೀಸ್ಟಿಗೆ ಕೊಟ್ಟರೆ ಖರ್ಚು ಹಂಚಿಹೋಗುತ್ತದೆ. ಬರುವ ಎಣ್ಣೆಯ ಗುಣವೂ ಬಹುಮಟ್ಟಿಗೆ ತಾಳೆ ಎಣ್ಣೆಯದೇ. ಅದನ್ನು ಸುಡುವ ಮೊದಲು ಸೋಪಿನವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ದೊಡ್ಡ ತೊಡಕು ಯೀಸ್ಟಿನದಲ್ಲ, ಗಡಿಯದು. ಇಲ್ಲಿನ ತೋತಾಪುರಿ ನೆಚ್ಚಿಕೊಂಡಿರುವ ಫ್ಯಾಕ್ಟರಿಗಳು ಹೆಚ್ಚಾಗಿ ಆಂಧ್ರದ ಚಿತ್ತೂರು, ತಮಿಳುನಾಡಿನ ಕೃಷ್ಣಗಿರಿ ಕಡೆ ಇವೆ. ಹಣ್ಣು ದಾಟಿದರೆ ಸಿಪ್ಪೆಯೂ ದಾಟಿತು. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಯನ್ನು ತಡೆದಾಗ ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ದರ ನಿಗದಿಮಾಡಿ, ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಆ ನೆರವು ಒಂದು ಸುಗ್ಗಿಯದು. ತಾಲ್ಲೂಕಿನಲ್ಲೇ ಹಣ್ಣು ಅರೆಯುವ ದೊಡ್ಡ ಘಟಕ, ಅದರ ಹಿತ್ತಲಲ್ಲಿ ಸಿಪ್ಪೆ ಒಣಗಿಸುವ ಕಣ ಮತ್ತು ವಾಟೆ ಒಡೆಯುವ ಯಂತ್ರ ಮೊದಲು ಬರಬೇಕು. ಯೀಸ್ಟಿನ ಟ್ಯಾಂಕಿಗೆ ಜಾಗ ಗೊತ್ತುಮಾಡುವುದು ಆಮೇಲಿನ ಮಾತು.